ಒಂದನೇ ತಾರೀಖಿನ ಹಳ್ಳ

ಮೇ 15, ಬೆಳಿಗ್ಗೆ
ಬಸವಕಲ್ಯಾಣದಿಂದ ಹುಮನಾಬಾದ್ ಬಸ್ಸು. ಕಿಟಕಿ ಸೀಟು. ನಮ್ಮವರು ಗೆದ್ದು ಎರಡು ದಿನ, ಕೂಗಿದ ಗಂಟಲು ಇನ್ನೂ ತೆರೆದಿಲ್ಲ. ಕಾಳು ವ್ಯಾಪಾರದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನ ಚಾಳಿ... ಪಕ್ಷಕ್ಕಾಗಿ ಐದು ವರ್ಷ ಫೇಸ್‌ಬುಕ್ ಪೇಜ್ ನಡೆಸಿದ್ದರ ಖರ್ಚು ಕೂಡಿಸಿದೆ. ಮೊಬೈಲು ಎರಡು: ಒಂದು ಒಡೆದರು, ಒಂದನ್ನು ಜಪ್ತಿ ಮಾಡಿದರು. ಕೇಸು ಒಂದು, ಇನ್ನೂ ನಡೆದಿದೆ. ಮಾವನ ಮನೆಯ ದೀಪಾವಳಿ, ಪೂರ್ತಿ ಬಂದ್; ಮಾವ ಆ ಕಡೆಯವರು. ಗೆಳೆಯ ಯುನೂಸನ ಜೊತೆಗಿನ ಚಹಾ, ಅದೂ ಬಂದ್ — ಅವನು ಆಗ ಆಳುತ್ತಿದ್ದವರ ಪೇಜ್ ನಡೆಸುತ್ತಿದ್ದ, ನಾನು ಅವರನ್ನು ಬೈಯುವ ಪೇಜ್.
ಜಮಾ ಕಡೆ ಒಂದೇ ಬಾಬತ್ತು. ಈ ಅಂಬರೀಷ ಬರೆದರೆ ಮಂದಿ ನಂಬುತ್ತಾರೆ.

ಜೂನ್ 1
ಹಳ್ಳದ ಫೋಟೋ ಬಂತು. ಘಾಟಬೋರಾಳ ದಾರಿಯಲ್ಲಿ ಹಳ್ಳದಾಚೆ ಒಂದು ಓಣಿ. ಅಲ್ಲಿಯ ಮಚ್ಚೇಂದ್ರ ಪ್ರತಿ ಒಂದನೇ ತಾರೀಖು ಅದೇ ಬೇವಿನ ಗಿಡದ ಕೆಳಗೆ ನಿಂತು ಫೋಟೋ ತೆಗೆದು ಕಳಿಸುತ್ತಾನೆ. ಕೆಳಗೆ ನನ್ನದು ಒಂದೇ ಸಾಲು: 'ಸೇತುವೆ ಎಲ್ಲಿ?' ಆ ಸಾಲೇ ಅರ್ಧ ಎಲೆಕ್ಷನ್ ಗೆದ್ದುಕೊಟ್ಟಿತು ಅಂತ ನಮ್ಮ ಶಾಸಕ ಸಾಹೇಬರು ಸ್ಟೇಜ್ ಮೇಲೆ ಹೇಳಿದ್ದರು.
ಈ ಸಲದ ಫೋಟೋದಲ್ಲಿ ಸಿಮೆಂಟ್ ಪೈಪು. ಮಳೆಗೆ ಮುಂಚೆ ಮನೆಗೊಬ್ಬರು ಬಂದು ಪೈಪು, ಕಲ್ಲು, ಮರಳಿನ ಚೀಲ ಹಾಕಿ ದಾಟುವ ದಾರಿ ಮಾಡಿಕೊಳ್ಳುತ್ತಾರೆ. ಹಳ್ಳ ಒಯ್ಯುತ್ತದೆ. ಮರುವರ್ಷ ಮತ್ತೆ.
ಏನು ಬರೆಯಲಿ? ಈಗ ನಮ್ಮದೇ ಸರ್ಕಾರ. 'ಹಿಂದಿನವರ ಪಾಪ ನೋಡಿ' ಎಂದು ಹಾಕಿದೆ. ಲೈಕ್ ಬಂದವು.

ಆಗಸ್ಟ್ 1
ಫೋಟೋ ಬಂತು. ಹಾಕಲಿಲ್ಲ. ಮಚ್ಚೇಂದ್ರ ಕೇಳಿದ್ದಕ್ಕೆ ನೆಟ್ ಇರಲಿಲ್ಲ ಎಂದೆ. ನೆಟ್ ಇತ್ತು.

ಡಿಸೆಂಬರ್ 3
ಮಹೆಬೂಬನ ಹೋಟೆಲಿನಲ್ಲಿ ಯುನೂಸ್ ಎದುರು ಬಂದು ಕೂತ. ಎಷ್ಟು ದಿನಕ್ಕೆ.
"ಏನ್ ಅಂಬರೀಷ, ಹಳ್ಳ ಬತ್ತಿತೇನ? ಫೋಟೋ ಕಾಣವಲ್ದು."
"ಕೆಲಸಕ್ಕ ಟೈಮ್ ಬೇಕಲ್ಲಪ್ಪ."
"ಈ ಮಾತ್ ನಾ ಬರದಾಗ ಸ್ಕ್ರೀನ್‌ಶಾಟ್ ಹಾಕಿ ಮಂದೀನ್ನ ನಗಿಸಿದ್ದಿ. ಆ ಕುರ್ಚಿ ನಂದು ಭಾಯಿ. ಇನ್ನ ಬೆಚ್ಚಗ ಅದ, ಆರಾಮ ಕೂಡು."
ಚಹಾದ ರೊಕ್ಕ ಅವನೇ ಕೊಟ್ಟ. ಅದು ಹೆಚ್ಚು ಚುಚ್ಚಿತು.

ಮೇ 20
ನಮ್ಮವರು ಬಂದು ವರ್ಷ ತುಂಬಿತು. ಸಾಹೇಬರ ಪಿಎ ಮಾಣಿಕಪ್ಪ ಫೋಟೋ ಕಳಿಸಿದ. ಹಳ್ಳದ ದಂಡೆ, ಭೂಮಿಪೂಜೆ, ಸಾಹೇಬರ ಕೈಯಲ್ಲಿ ಹೊಸ ಸಲಿಕೆ. ಹಿಂದೆಯೇ ಫೋನು.
"ಕೆಲಸ ಶುರು ಅಂತ ಹಾಕ್ರಿ. ನಿಮ್ಮ ಪೇಜ್‌ನ್ಯಾಗ ಬಂದ್ರ ಮಂದಿ ನಂಬತಾರ."
"ಟೆಂಡರ್ ಆಗ್ಯದೇನ್ರಿ?"
"ಆಗ್ತದ ಬಿಡ್ರಿ. ಅಂದ್ಹಂಗ, ನಗರಸಭೆ ನಾಮಿನಿ ಮೆಂಬರ್ ಲಿಸ್ಟ್‌ನ್ಯಾಗ ನಿಮ್ಮ ಹೆಸರು ಅದ. ಸಾಹೇಬ್ರು ಸ್ವತಃ ಸೇರಸ್ಯಾರ."
ಮೇಜಿನ ಮೇಲೆ ಮೊಬೈಲ್ ಇಟ್ಟು ಸ್ವಲ್ಪ ಹೊತ್ತು ತೊಗರಿ ಲೆಕ್ಕ ಬರೆದೆ. ಆಮೇಲೆ ಹಾಕಿದೆ. ಹಳೆಯ ಶೈಲಿ, ಒಂದೇ ಸಾಲು: 'ಸೇತುವೆ ಇಲ್ಲಿ! ಕೆಲಸ ಶುರು.' ನನ್ನ ಯಾವ ಪೋಸ್ಟೂ ಇಷ್ಟು ಶೇರ್ ಆಗಿರಲಿಲ್ಲ.

ಜೂನ್ 1
ಫೋಟೋ ಬರಲಿಲ್ಲ. ಮೊದಲ ಸಲ. ಖುಷಿ ಆಗಿರಬೇಕು ಅವರಿಗೆ... ಅಂದುಕೊಂಡೆ.

ಜೂನ್ 9, ಸಂಜೆ
ಎರಡು ದಿನದಿಂದ ಮಳೆ. ಮಚ್ಚೇಂದ್ರನ ಫೋನು. ಅವನ ಹೆಂಡತಿ ದ್ರೌಪತಿ ಕೂಲಿ ಮುಗಿಸಿ ಬರುವಾಗ ಹಳ್ಳಕ್ಕೆ ಬಿದ್ದಳು. ಬೇವಿನ ಬೇರು ಸಿಕ್ಕಿತು, ಉಳಿದಳು. ಕಾಲು ಮುರಿದಿದೆ.
"ಪೈಪು?" ಎಂದೆ.
"ಈ ವರ್ಷ ಹಾಕಿಲ್ಲಣ್ಣಾ."
"ಯಾಕೋ?"
"ಮನಿಗೊಬ್ರು ಬರ್ರಿ ಅಂತ ಕರದೆ. ಅಂಬರೀಷಣ್ಣ ಬರದಾನ, ಅಂವ ಸುಳ್ಳ ಬರ್ಯಾಂವಲ್ಲ, ಜೆಸಿಬಿ ಬಂದ್ರ ನಮ್ಮ ಪೈಪ್ ಅಡ್ಡ ಆಗ್ತಾವ ಅಂದ್ರು. ನಾನೂ ಹೌದಂದೆ."
ಬೈಯಲಿಲ್ಲ. ಬೈದಿದ್ದರೆ ಉತ್ತರ ಹೇಳಬಹುದಿತ್ತು.

ಜೂನ್ 10
ದವಾಖಾನೆಗೆ ಹೋದೆ. ದ್ರೌಪತಿ ಕಾಲು ಎತ್ತಿ ಕಟ್ಟಿಸಿಕೊಂಡು ಮಲಗಿದ್ದಳು.
"ಫೋಟೋ ತಗ್ಯಾಕ ಬಂದ್ರೇನ್ರಿ? ತಕ್ಕೊಳ್ರಿ. ಕಾಲ ಕಾಣಂಗ ತಕ್ಕೊಳ್ರಿ."
ಮಚ್ಚೇಂದ್ರ ಗೋಡೆ ನೋಡಿದ. ನಾನು ಮೊಬೈಲನ್ನು ಜೇಬಿನಿಂದ ತೆಗೆಯಲಿಲ್ಲ. ಅದು ಅಲ್ಲೇ ಗುರ್ ಅನ್ನುತ್ತಿತ್ತು. ಹೊರಗೆ ಬಂದು ಎತ್ತಿದೆ.
ಮಾಣಿಕಪ್ಪ: "ಆ ಪೋಸ್ಟ್ ಅಳಿಸಬ್ಯಾಡ್ರಿ, ಹೊಸಾದೂ ಬರೀಬ್ಯಾಡ್ರಿ. ನಾಳೆ ಲಿಸ್ಟಿಗಿ ಸಹಿ ಆಗ್ತದ. ಒಂದ ದಿನ ಬಾಯಿ ಮುಚ್ಚಾಕ ಆಗಂಗಿಲ್ಲೇನ್ರಿ?"
ಆಮೇಲೆ ಯುನೂಸ್: "ಸುದ್ದಿ ನನ್ನ ಹತ್ರ ಅದ. ನಾ ಬರದ್ರ ನೀ ಖತಂ. ನೀನೇ ಬರಿ. ಸಂಜಿತನಕ ಕಾಯ್ತೀನಿ."
"ಯಾಕ ಕಾಯ್ತಿ?"
"ನನಗ ಯಾರೂ ಕಾದಿರ್ಲಿಲ್ಲ, ಅದಕ್ಕ."

ಅದೇ ದಿನ, ಐದು ಗಂಟೆ
ನಾಲ್ಕು ಸಲ ಬರೆದು ಅಳಿಸಿದೆ. ಪ್ರತಿ ಸಲವೂ ಸಾಹೇಬರನ್ನು ಉಳಿಸುವ ಒಂದು ಮಾತು ತಾನಾಗಿ ನುಸುಳುತ್ತಿತ್ತು. ಕೊನೆಗೆ ಇಷ್ಟು: 'ಸೇತುವೆ ಇಲ್ಲ. ಟೆಂಡರ್ ಆಗಿಲ್ಲ. ಅದು ಗೊತ್ತಿದ್ದೂ ಕೆಲಸ ಶುರು ಎಂದು ಬರೆದೆ. ನನ್ನನ್ನು ನಂಬಿ ಪೈಪು ಹಾಕದೆ ಇದ್ದವರು ದಯವಿಟ್ಟು ಹಾಕಿಕೊಳ್ಳಿ.'
ಒತ್ತಿದೆ.
ಮೊದಲ ಕಮೆಂಟು ನಮ್ಮವರದೇ: 'ಎಷ್ಟಕ್ಕೆ ಮಾರಿಕೊಂಡಿ?' ಐದು ವರ್ಷ ನಾನು ಯುನೂಸನಿಗೆ ಕೇಳಿದ ಪ್ರಶ್ನೆ, ಅಕ್ಷರ ಅಕ್ಷರ.

ಜೂನ್ 13
ಓಣಿಯವರು ಪೈಪು ಹಾಕಿದರು. ಹೋಗಿ ಒಂದು ತುದಿ ಹಿಡಿದೆ. ಬೇಡ ಅನ್ನಲಿಲ್ಲ. ಇನ್ನೊಂದು ತುದಿ ಹಿಡಿದವರು ಹಳ್ಳದ ಕಡೆಗೇ ನೋಡುತ್ತಿದ್ದರು.

ಜುಲೈ 1, ಬೆಳಿಗ್ಗೆ
ಬಸ್ಸಿನಲ್ಲಿ. ಯಾರಿಗೆ ಏನು ಸಿಕ್ಕಿತು, ಬರೆದಿಡುತ್ತೇನೆ.
ಸಾಹೇಬರಿಗೆ ಸಲಿಕೆ ಹಿಡಿದ ಫೋಟೋ, ಫ್ಲೆಕ್ಸಿನಲ್ಲಿ ಇನ್ನೂ ಇದೆ. ಮಾಣಿಕಪ್ಪನ ತಮ್ಮನಿಗೆ ನಗರಸಭೆಯ ನಾಮಿನಿ ಸ್ಥಾನ. ದ್ರೌಪತಿಗೆ ಪ್ಲಾಸ್ಟರ್. ಓಣಿಗೆ ತಮ್ಮದೇ ಪೈಪು. ಯುನೂಸನಿಗೆ ಒಂದನೇ ತಾರೀಖಿನ ಫೋಟೋ — ಮಚ್ಚೇಂದ್ರ ಈ ಸಲ ಅವನಿಗೆ ಕಳಿಸಿದ್ದಾನೆ. ಅದೇ ಬೇವಿನ ಗಿಡ. ಕೆಳಗೆ ಒಂದೇ ಸಾಲು: 'ಸೇತುವೆ ಎಲ್ಲಿ?'
ನನಗೆ ಕಿಟಕಿ ಸೀಟು.
ಲೈಕ್ ಒತ್ತಿದೆ. ಶೇರ್ ಮಾಡಿದರೆ ನನ್ನ ಪೇಜಿನಲ್ಲಿ ಉಳಿದಿರುವ ನಮ್ಮವರೂ ಬಿಟ್ಟು ಹೋಗುತ್ತಾರೆ. ಶೇರ್ ಇನ್ನೂ ಒತ್ತಿಲ್ಲ.