ಗುತ್ತಿಗೆ ಮುರಿದ ಮದುವೆ

ವೆಸ್ಟರ್‌ಹಾಫೆನ್
ಮಾರ್ಚ್ 9, ಬುಧವಾರ

ಪ್ರೀತಿಯ ವೀಬ್ಕೆ,

ಬರ್ಗೆನ್ನಿನ ಚಳಿಯಲ್ಲಿ ನಿನ್ನ ಮೊಣಕಾಲು ಹೇಗಿದೆ? ಆ ಆಸ್ಪತ್ರೆಯ ಫಾರ್ಮಸಿಯಲ್ಲಿ ದಿನವಿಡೀ ನಿಂತೇ ಔಷಧಿ ಕೊಡುತ್ತೀಯೆಂದು ಗೊತ್ತು. ನಾನು ಹೆಣೆದ ಉಣ್ಣೆಯ ಪಟ್ಟಿ ಕಟ್ಟಿಕೋ, ಬೀರುವಿನಲ್ಲಿಟ್ಟು ಪೂಜೆ ಮಾಡಬೇಡ. ನಾನು ಗಟ್ಟಿಯಾಗಿದ್ದೇನೆ. ಇಷ್ಟು ಚೆನ್ನಾಗಿ ನಿದ್ದೆ ಬಂದು ಎಷ್ಟೋ ವರ್ಷವಾಗಿತ್ತು, ಯಾಕೆಂದರೆ ಆ ಗುತ್ತಿಗೆದಾರ ಡ್ರೆಸೆಲ್‌ನನ್ನು ನಿಮ್ಮ ಅಪ್ಪನ ಅಂಗಡಿಯಿಂದ ಹೊರಗೆ ಹಾಕಿದ್ದೇನೆ.

ನಿನ್ನ ಅಣ್ಣ ತೀರಿಕೊಂಡಾಗ ಔಷಧಿ ಅಂಗಡಿ ನನ್ನ ಪಾಲಿಗೆ ಬಂತು. ಆದರೆ ನಾನು ಫಾರ್ಮಸಿಸ್ಟ್ ಅಲ್ಲ, ನಡೆಸುವ ಹಕ್ಕಿಲ್ಲ. ವಿಧವೆ ಅದನ್ನು ಗುತ್ತಿಗೆಗೆ ಕೊಡಬಹುದು, ಅದೂ ಮತ್ತೆ ಮದುವೆಯಾಗುವವರೆಗೆ ಮಾತ್ರ ಎನ್ನುತ್ತದೆ ಕಾನೂನು. ಸಹಿ ಹಾಕುವ ದಿನ ಡ್ರೆಸೆಲ್ ಆ ಸಾಲನ್ನು ಜೋರಾಗಿ ಓದಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಗಾದ್ರೆ ನಾನು ರಿಟೈರ್ ಆಗೋವರೆಗೂ ಚಿಂತೆ ಇಲ್ಲ ಬಿಡಿ, ಫ್ರೌ ಹಾರ್ಮ್ಸ್!" ಎಂದು ನಕ್ಕ. ನೋಟರಿಯೂ ನಕ್ಕ. ನಾನೂ ನಕ್ಕೆ, ಇನ್ನೇನು ಮಾಡಲಿ?

ಆಮೇಲೆ ಅವನು ಮಾಡಿದ್ದನ್ನು ನಿನಗೆ ಪೂರ್ತಿ ಬರೆದಿರಲಿಲ್ಲ. ಸ್ಟೇಷನ್ ಪಕ್ಕ ತನ್ನದೇ ಇನ್ನೊಂದು ಅಂಗಡಿ ತೆರೆದ. ನಮ್ಮಲ್ಲಿಗೆ ಬಂದವರನ್ನೆಲ್ಲ "ಇಲ್ಲಿ ಸ್ಟಾಕ್ ಇಲ್ಲ, ಅಲ್ಲಿಗೆ ಹೋಗಿ" ಎಂದು ಅಟ್ಟಿದ. ನಮ್ಮದು ಸೊರಗಿದ ಮೇಲೆ ಪುಡಿಗಾಸಿಗೆ ಹೊಡೆದುಕೊಳ್ಳುವುದು ಅವನ ಲೆಕ್ಕಾಚಾರ. ನಿಮ್ಮ ಅಪ್ಪ ಮಾಡಿಸಿದ ಓಕ್ ಮರದ ಖಾನೆಗಳನ್ನು ಕಿತ್ತು ಬಂದರಿನ ಹೋಟೆಲಿಗೆ ಮಾರಿದ. ಒಂದು ದಿನ ಅಲ್ಲಿ ಮೀನು ತಿನ್ನಲು ಕೂತರೆ, ಬಡಿಸುವ ಹುಡುಗಿ ಕರ್ಪೂರ ಎಂದು ಬರೆದ ಖಾನೆಯಿಂದ ಮುಳ್ಳುಚಮಚ ತೆಗೆದುಕೊಟ್ಟಳು! ತಟ್ಟೆ ಅಲ್ಲೇ ಬಿಟ್ಟು ಎದ್ದು ಬಂದೆ ವೀಬ್ಕೆ. ಇವನಿಗೆ ನೀರು ಕುಡಿಸದೆ ಬಿಡುವುದಿಲ್ಲ ಎಂದುಕೊಂಡೆ.

ಎದುರುಮನೆಯ ಓನೋ ನಿನಗೆ ನೆನಪಿರಬೇಕು, ದ್ವೀಪಕ್ಕೆ ಹಡಗು ನಡೆಸುತ್ತಿದ್ದವರು, ಹೆಂಡತಿ ಹೋದ ಮೇಲೆ ಸಂಜೆ ಚಹಾಕ್ಕೆ ಬಂದು ಇಸ್ಪೀಟಿನಲ್ಲಿ ನನಗೇ ಮೋಸ ಮಾಡುವವರು. ಅವರಿಗೆ ವಿಷಯ ಹೇಳಿದೆ. "ಆಯ್ತು ಗೆಸೀನೆ, ಆದ್ರೆ ನನ್ನ ನಾಯಿ ಹಾಸಿಗೆ ಮೇಲೇ ಮಲಗೋದು" ಎಂದರು. ಅಷ್ಟೇ ಮಾತುಕತೆ. ಸೋಮವಾರ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು, ಅಲ್ಲಿಗೆ ಡ್ರೆಸೆಲ್‌ನ ಗುತ್ತಿಗೆಯೂ ಮುಗಿಯಿತು.

ನಿನ್ನೆ ಸರ್ಕಾರದ ಅಧಿಕಾರಿಣಿ ಬಂದರು. ಬೀಗದ ಕಪಾಟಿನಲ್ಲಿದ್ದ ಮಾರ್ಫಿನ್ ಗುಳಿಗೆಗಳನ್ನು ಡ್ರೆಸೆಲ್ ಸಾಕ್ಷಿಗಳ ಮುಂದೆ ಒಂದೊಂದಾಗಿ ಎಣಿಸಿ ಒಪ್ಪಿಸಬೇಕಾಯಿತು. ಸಿಟ್ಟಿಗೆ ಲೆಕ್ಕ ತಪ್ಪಿತು. "ಮೊದಲಿಂದ ಎಣಿಸಿ" ಎಂದರು ಆಕೆ. ನಾನು ಕುರ್ಚಿ ಎಳೆದುಕೊಂಡು ಕೂತು, ಕಲ್ಲುಸಕ್ಕರೆ ಹಾಕಿದ ಚಹಾ ಹೀರುತ್ತಾ ನೋಡಿದೆ. "ಇದು ಮೋಸ!" ಎಂದು ಕೂಗಿದ. "ಮೋಸ ಅಲ್ಲಪ್ಪಾ, ಮದುವೆ" ಎಂದೆ. ಪಾಪ ಬಂದರೂ ಬರಲಿ, ನನ್ನ ಹೊಟ್ಟೆ ತಣ್ಣಗಾಯಿತು.

ಓನೋ ನಿನ್ನನ್ನು ಕೇಳಿದ್ದಾರೆಂದು ಬರೆಯಲು ಹೇಳಿದರು. ದೇವರು ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಅತ್ತಿಗೆ (ಈಗಲೂ),
ಗೆಸೀನೆ

ತಾ.ಕ. ಅಂಚೆ ಹೊರಡುವ ಹೊತ್ತಾಯಿತು, ಇದನ್ನು ಮೊದಲೇ ಹೇಳಲು ಧೈರ್ಯ ಬರಲಿಲ್ಲ. ಮದುವೆಯಾದ ಮೇಲೆ ಗುತ್ತಿಗೆ ಕೊಡುವ ನನ್ನ ಹಕ್ಕೂ ಹೋಯಿತು. ಮಾರೋಣವೆಂದು ಬೇರೆ ಫಾರ್ಮಸಿಸ್ಟ್‌ಗಳನ್ನು ವಿಚಾರಿಸಿದೆ, ಈ ಊರಿಗೆ ಯಾರೂ ಬರಲೊಲ್ಲರು. ಅಂಗಡಿಗೆ ಬೀಗ ಬಿದ್ದಿದೆ. ಇವತ್ತು ಬೆಳಿಗ್ಗೆ ಊರಿನವರೆಲ್ಲ ಡ್ರೆಸೆಲ್‌ನ ಸ್ಟೇಷನ್ ಅಂಗಡಿಯ ಮುಂದೆ ಸಾಲು ನಿಂತಿದ್ದರು, ಅವನು ಒಳಗಿನಿಂದ ನನಗೆ ಕೈಬೀಸಿದ. ಅಂಗಡಿಯನ್ನು ನಿನ್ನ ಹೆಸರಿಗೆ ಬರೆದುಕೊಡುತ್ತೇನೆ, ಒಂದು ಕಾಸೂ ಬೇಡ. ನಿನ್ನ ಫಾರ್ಮಸಿಸ್ಟ್ ಸರ್ಟಿಫಿಕೇಟುಗಳನ್ನು ತೆಗೆದುಕೊಂಡು ಹೊರಟು ಬಾ. ಬೈಯುವುದಿದ್ದರೆ ಇಲ್ಲಿಗೆ ಬಂದು ಬೈಯಿ.