ರೆಕ್ಕೆ ಬಾಗಿದ್ದು ಬರೀ ಬಿಸಿಲಿಗಲ್ಲ

ಮೇಡಂ ಅವರಿಗೆ, ನಿಮ್ಮ ಝಳಕಿಯ ಶಿಷ್ಯನ ನಮಸ್ಕಾರ.

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನೀವಿದ್ದಿದ್ದರೆ "ಮೊದ್ಲ ನೀರ ಕುಡಿ, ಆಮ್ಯಾಲ ಸಿಟ್ಟ ಮಾಡು" ಎನ್ನುತ್ತಿದ್ದಿರಿ. ಕುಡಿದೆ. ಸಿಟ್ಟು ಇಳಿದಿಲ್ಲ.

ಆ ನೊಣ ಮೊದಲು ಕಣ್ಣಿಗೆ ಬಿದ್ದ ಬೆಳಿಗ್ಗೆ ನೆನಪಿದೆ. ಸಿಂದಗಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಹಣ್ಣಿನ ನೊಣ ಸಾಕಲು ರವೆ, ಬೆಲ್ಲ ಕುದಿಸಿ ಬಾಟಲಿಗೆ ಹೊಯ್ಯುತ್ತಿದ್ದೆವು. ಒಂದು ನೊಣದ ರೆಕ್ಕೆ ಮಾತ್ರ ಒಣಗಿದ ರೊಟ್ಟಿಯ ಅಂಚಿನಂತೆ ಮೇಲಕ್ಕೆ ಬಾಗಿತ್ತು. "ಏ ಝಳಕಿ, ಬಾ ಇಲ್ಲಿ, ಇದರ ಮಾರಿ ನೋಡು" ಎಂದು ನನ್ನೂರಿನ ಹೆಸರಿನಿಂದಲೇ ಕರೆದಿರಿ. "ಮಾರಿ ಎಲ್ಲೈತ್ರಿ ಮೇಡಂ, ಬರೇ ರೆಕ್ಕಿ ಕಾಣಾಕತ್ತೈತ್ರಿ" ಎಂದೆ. ನೊಣದ ಮುಖ ಹುಡುಕುತ್ತಿದ್ದ ನನ್ನನ್ನು ನೋಡಿ ನಕ್ಕಿರಿ. ಅದರ ಮಕ್ಕಳು ಮೊಮ್ಮಕ್ಕಳನ್ನು ಸಾಕಿ, ಬಾಗಿದ ರೆಕ್ಕೆಯದೇ ಒಂದು ವಂಶ ಮಾಡಿದಿರಿ. ಈ ಗುಣ ರಕ್ತದಲ್ಲೇ ಇದೆ ಎಂದಿರಿ.

ದೊಡ್ಡ ಊರಿನ ಪ್ರೊಫೆಸರು ಅದನ್ನು ನೋಡಲು ಬಂದ ದಿನವನ್ನು ಹೇಗೆ ಮರೆಯಲಿ? ಬೀಗರು ಬರುತ್ತಾರೆಂದರೆ ದನದ ಕೊಟ್ಟಿಗೆಗೂ ಸುಣ್ಣ ಬಳಿಯುವ ಜನ ನಾವು. ಕಡು ಬೇಸಿಗೆ, ದೊಡ್ಡವರು ಬೆವರಬಾರದು. ಪ್ರಿನ್ಸಿಪಾಲರು ಎರಡು ವಾರ ಮೊದಲೇ ಪ್ರಯೋಗಾಲಯಕ್ಕೆ ಏರ್ ಕೂಲರ್ ಹಚ್ಚಿಸಿ, "ಹಗಲೂ ರಾತ್ರಿ ನಡೀಲಿ, ಖೋಲಿ ತಣ್ಣಗಿರ್ಲಿ" ಎಂದರು. ಕೋಣೆಯೇನೋ ತಣ್ಣಗಾಯಿತು. ಆ ತಂಪಿನಲ್ಲೇ ಬೆಳೆದು ಹೊರಬಂದ ನೊಣಗಳನ್ನು ಪ್ರೊಫೆಸರು ಬಾಟಲಿಯಿಂದ ತೆಗೆದು ನೋಡಿದರೆ, ಒಂದೊಂದರ ರೆಕ್ಕೆಯೂ ನೆಟ್ಟಗೆ...

"ನಿಮ್ಮ ಕಡೆ ಬಿಸಿಲಿಗೆ ಮನುಷ್ಯರೇ ಮುರುಟಿಹೋಗ್ತಾರೆ, ನೊಣದ ಪಾಡೇನು ಹೇಳಿ ಮೇಡಂ. ಇದು ಸೆಕೆಯ ಊನ. ವಂಶಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದರು. ಎಲ್ಲರೂ ನಕ್ಕರು. ಅವರು ನಾವು ಕೊಟ್ಟ ಇಂಡಿ ಊರಿನ ನಿಂಬೆಹಣ್ಣಿನ ಚೀಲ ಕಾರಿನಲ್ಲಿಟ್ಟುಕೊಂಡು ಹೋದರು.

ಅವರ ಕಾರು ಗೇಟು ದಾಟಿದ ಮೇಲೆ ನೀವು ಹೇಳಿದ್ದು ಒಂದೇ ಮಾತು: "ಬಿಸಲಿಗೇ ಬಾಗೋದಾದ್ರ ಎಲ್ಲಾ ನೊಣ ಬಾಗಬೇಕಿತ್ತಲ್ಲೋ." ಅದನ್ನು ಪ್ರಯೋಗ ಮಾಡಿ ತೋರಿಸುವಷ್ಟರಲ್ಲಿ ನೀವು... ಆಮೇಲೆ ನಿಮ್ಮ ಕುರ್ಚಿಗೆ ನಾನು ಬಂದೆ. ಬಾಟಲಿಗಳನ್ನು ತೊಳೆದಿಡಲು ಹೇಳಿದರು. ತೊಳೆಯಲಿಲ್ಲ, ನಿಮ್ಮ ನೊಣಗಳನ್ನು ಅದರಲ್ಲೇ ಸಾಕುತ್ತ ಬಂದೆ.

ಹೋದ ಬೇಸಿಗೆಯಲ್ಲಿ ಎರಡು ಮನೆತನಗಳನ್ನು ಒಂದೇ ಅಂಗಳದಲ್ಲಿ ಕೂಡಿಸಿದೆ. ತಾಂಬಾ ಊರಿನ ತೋಟದಲ್ಲಿ ಹಿಡಿದ ಸಾಮಾನ್ಯ ನೊಣ ಒಂದು ಕಡೆ, ನಿಮ್ಮ ನೊಣ ಇನ್ನೊಂದು ಕಡೆ. ಅದೇ ರವೆ, ಅದೇ ಬೆಲ್ಲ, ಅದೇ ಸೆಕೆ. ತಾಂಬಾದವು ನೆಟ್ಟಗಿದ್ದವು, ನಿಮ್ಮವು ಬಾಗಿದವು. ತಂಪಿನಲ್ಲಿಟ್ಟರೆ ಎರಡೂ ನೆಟ್ಟಗೆ. ಮುಂದೆ ಎರಡಕ್ಕೂ ಸಂಬಂಧ ಬೆಳೆಸಿ ಸೆಕೆಯಲ್ಲೇ ಸಾಕಿದೆ. ಮಕ್ಕಳಲ್ಲಿ ಒಂದೂ ಬಾಗಲಿಲ್ಲ. ಆ ಮಕ್ಕಳಿಗೆ ಹುಟ್ಟಿದ ಮೊಮ್ಮಕ್ಕಳಲ್ಲಿ ಕಾಲು ಪಾಲು ಮತ್ತೆ ಬಾಗಿ ಬಂದವು. ಅಜ್ಜನ ಮೂಗು ಮಗನನ್ನು ದಾಟಿ ಮೊಮ್ಮಗನಿಗೆ ಬಂದರೆ ಅದಕ್ಕೂ ಬಿಸಿಲೇ ಕಾರಣವೇ? ರಕ್ತದಲ್ಲಿ ಅಡಗಿ ಕುಳಿತ ಗುಣ ಅದು. ಸೆಕೆ ಕರೆದಾಗಷ್ಟೇ ಹೊರಗೆ ಬರುತ್ತದೆ. ಅತಿಥಿಗೆ ತಂಪು ಮಾಡಲು ಹೋಗಿ ನಿಮ್ಮ ಸಾಕ್ಷಿಯ ಬಾಯಿ ನಾವೇ ಮುಚ್ಚಿದ್ದೆವು. ನಮ್ಮದು ಉಪಚಾರ ಹೆಚ್ಚಾದ ತಪ್ಪು. ಪಕ್ಕದಲ್ಲೊಂದು ಸಾಮಾನ್ಯ ನೊಣದ ಬಾಟಲಿ ಇಟ್ಟು ಸೆಕೆಯಲ್ಲಿ ನೋಡದೆ ತೀರ್ಪು ಕೊಟ್ಟವರದು ಏನು?

ಮೊನ್ನೆ ವಿಜಯಪುರದ ಸೆಮಿನಾರಿನಲ್ಲಿ ಇದನ್ನೆಲ್ಲ ಹೇಳಿದೆ. ಆ ಪ್ರೊಫೆಸರು ಮುಂದಿನ ಸಾಲಿನಲ್ಲೇ ಇದ್ದರು. ಊಟದ ಹೊತ್ತಿಗೆ ತಾಟು ಹಿಡಿದು ಬಂದರು.

"ಬಹಳ ಚೆನ್ನಾಗಿದೆ. ಆ ನೊಣ ನಮ್ಮ ಲ್ಯಾಬಿಗೂ ಬೇಕು."

"ಮೇಡಂ ಹೇಳಿದ್ದು ಖರೆ ಇತ್ತು ಅಂತ ಮೈಕಿನಾಗ ಒಂದ ಮಾತ ಹೇಳ್ರಿ ಸರ್, ಈಗ ಕೊಡ್ತೇನಿ."

"ಹೋದವರ ವಿಷಯ ಈಗ್ಯಾಕೆ, ಬಿಡಿ."

"ಹೋದವರು ಮೇಡಂ ಅಷ್ಟ್ರಿ. ನೀವು ಅಂದ ಮಾತು ಇನ್ನೂ ಇಲ್ಲೇ ಐತ್ರಿ."

ಅವರು ಹೋಳಿಗೆಯ ಕಡೆ ತಿರುಗಿದರು. ನಮ್ಮಜ್ಜಿಯ ಕಥೆಗಳಲ್ಲಿ ರಾಜನೇ ತಪ್ಪು ತೀರ್ಪು ಕೊಟ್ಟರೂ ಕೊನೆಗೆ ಅಗಸಿ ಬಾಗಿಲಲ್ಲಿ ನಿಂತು ಊರೆದುರು ಒಪ್ಪಿಕೊಳ್ಳುತ್ತಾನೆ. ಇವರು ರಾಜನಿಗಿಂತ ದೊಡ್ಡವರೇ? ಸಂಜೆ ಮೈಕು ಅವರ ಕೈಗೆ ಬಂತು. ಸಂಘಟಕರನ್ನು ಹೊಗಳಿದರು, ಅಡುಗೆಯವರನ್ನೂ ಹೊಗಳಿದರು. ನಿಮ್ಮ ಸುದ್ದಿ ಎತ್ತಲಿಲ್ಲ. ನಾನು ನೊಣ ಕೊಡದೆ ಸಿಂದಗಿ ಬಸ್ಸು ಹತ್ತಿದೆ.

ಆದರೆ ನೊಣವನ್ನು ಬಚ್ಚಿಟ್ಟುಕೊಂಡು ಕೂರಲು ನೀವು ಕಲಿಸಿಲ್ಲ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜಿನವರು ಆಗಲೇ ಒಯ್ದು ಸಾಕುತ್ತಿದ್ದಾರೆ. ಆ ಪ್ರೊಫೆಸರೂ ಕೇಳಿ ಒಯ್ಯಲಿ, ಇನ್ನು ಬೇಡ ಎನ್ನುವುದಿಲ್ಲ. ಈ ವಂಶಕ್ಕೆ ನಿಮ್ಮ ಹೆಸರಿಟ್ಟಿದ್ದೇನೆ ಮೇಡಂ. ನೊಣ ಬೇಕಾದರೆ ಆ ಹೆಸರು ಹೇಳಿಯೇ ಕೇಳಬೇಕು.