ಗೋಡೆಯ ಮೇಲೆ ಬಳಿದ ಬಾಗಿಲುಗಳು

ಮಾನ್ಯರೇ,

ಅಲ್ಲ. ಕೊಂದವಳು ನನ್ನ ದೊಡ್ಡಮ್ಮ ಅಲ್ಲ. ದೊಡ್ಡಪ್ಪನನ್ನು ಕೊಂದದ್ದು ಹೊಳೆದಂಡೆಗೆ ನೀವು ಕಟ್ಟಿಸಿದ ಗೋಡೆ. ನೆರೆ ಇಳಿದ ವಾರ ನಮ್ಮ ಅಡುಗೆಮನೆಯಲ್ಲಿ ಕೆಸರು ಬೂಟಿನಲ್ಲಿ ನಿಂತುಕೊಂಡು, ಅವಳ ಮುಖಕ್ಕೇ ನೀವು ಆಡಿದ ಆ ಒಂದು ಮಾತನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಕೈ ಹೊಲಸಾಗುತ್ತದೆ. ನಿಮಗೆ ನೆನಪಿದೆ, ಅವಳಿಗೂ ನೆನಪಿದೆ, ಸಾಕು. ಉತ್ತರ ಮಾತ್ರ ಊರಿಗೆಲ್ಲ ಕೇಳಲಿ ಅಂತ ಪೇಪರಿಗೆ ಕೊಡುತ್ತಿದ್ದೇನೆ.

ಇನ್ನೊಂದು. ಅವತ್ತು ನಾನು ನಿಮ್ಮ ಮೇಲೆ ಕಿರುಚಾಡಿದೆ ಅಂತ ನಿಮ್ಮ ಕಚೇರಿಯವರು ಹೇಳಿಕೊಂಡು ತಿರುಗುತ್ತಿದ್ದಾರಂತೆ. ಸ್ವಾಮಿ, ನಮ್ಮ ಬೀದಿಯಲ್ಲಿ ಮಾತಾಡುವುದೇ ಹಾಗೆ. ನೆಗ್ಗಿದ ಹಳೇ ಎಣ್ಣೆ ಡ್ರಮ್ಮುಗಳನ್ನು ತಟ್ಟಿ ಸರಿಮಾಡಿ, ತೊಳೆದು, ಬಣ್ಣ ಹೊಡೆದು ಮಾರುವ ಬೀದಿ ನಮ್ಮದು. ಬೆಳಗಿನಿಂದ ಸಂಜೆಯವರೆಗೆ ತಗಡಿನ ಮೇಲೆ ಸುತ್ತಿಗೆ. ಅಲ್ಲಿ ‘ಐ ಲವ್ ಯೂ’ ಅನ್ನಬೇಕಾದರೂ ಗಂಟಲು ಹರಿಯುವ ಹಾಗೆ ಕೂಗಬೇಕು. ದೊಡ್ಡಪ್ಪನ ಎರಡೂ ಕಿವಿ ಹೋಗಿ ಎಷ್ಟೋ ವರ್ಷ ಆಗಿತ್ತು. ದೊಡ್ಡಮ್ಮ ಅವನಿಗೆ ‘ಊಟಕ್ಕೆ ಬಾ’ ಅಂದರೆ ಬೀದಿಯ ಅರ್ಧ ಜನ ಕೈ ತೊಳೆಯಲು ಏಳುತ್ತಿದ್ದರು. ನಿಮ್ಮ ಮೇಲೆ ನಾನು ನಿಜವಾಗಿ ಕಿರುಚಿದ್ದರೆ ನಿಮಗೆ ಗೊತ್ತಾಗುತ್ತಿತ್ತು. ಈಗ ಕಿರುಚುತ್ತಿದ್ದೇನೆ. ಈ ಪತ್ರವೇ ಆ ಕಿರುಚಾಟ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ‘ಸೌಂದರ್ಯೀಕರಣ’ ಅನ್ನುವ ಪದವನ್ನು ಮೊದಲು ಕೇಳಿದ್ದು ನಿಮ್ಮ ಬಾಯಲ್ಲೇ. ಪೇಟೆಯ ನಟ್ಟನಡುವೆ ಇದ್ದರೂ ನಮ್ಮ ಹೊಳೆಬೀದಿಗೆ ನಮ್ಮಪ್ಪನ ಕಾಲದಿಂದ ಒಂದು ದೀಪದ ಕಂಬ ಬರಲಿಲ್ಲ. ಊರಿನ ಚರಂಡಿ ಎಲ್ಲ ನಮ್ಮ ಬಾಗಿಲ ಮುಂದೆ ಹಾದು ಹೊಳೆಗೆ ಹೋಗುತ್ತಿತ್ತು, ಆಗ ಯಾರಿಗೂ ಸೌಂದರ್ಯ ನೆನಪಾಗಲಿಲ್ಲ. ಆಮೇಲೆ ಒಂದು ದಿನ ನೀವು ಬಂದಿರಿ. ಶಾಮಿಯಾನ ಹಾಕಿಸಿದಿರಿ, ಕುರ್ಚಿ ಹಾಕಿಸಿದಿರಿ, ಬಣ್ಣದ ದೊಡ್ಡ ಚಿತ್ರ ನಿಲ್ಲಿಸಿದಿರಿ. ಹೊಳೆಯುದ್ದಕ್ಕೂ ಕಲ್ಲುಹಾಸಿನ ದಾರಿ, ದೀಪ, ಬೆಂಚು, ದೋಣಿಯಲ್ಲಿ ಕೂತು ಐಸ್‌ಕ್ರೀಮ್ ತಿನ್ನುವ ಮಂದಿ. ಆ ಚಿತ್ರದಲ್ಲಿದ್ದ ಒಬ್ಬನ ಕೈಯಲ್ಲೂ ಕೆಲಸ ಇರಲಿಲ್ಲ. ಆದರೂ ನಾವು ಚಪ್ಪಾಳೆ ತಟ್ಟಿದೆವು, ಗೊತ್ತಾ? ದೀಪ ಬೇಕಿತ್ತು ನಮಗೆ. ನಮ್ಮನ್ನು ಅಭಿವೃದ್ಧಿಯ ವಿರೋಧಿಗಳು ಅಂತ ಬರೆಸುತ್ತೀರಲ್ಲ, ಆ ಚಪ್ಪಾಳೆಯನ್ನು ಯಾಕೆ ಬರೆಸಲಿಲ್ಲ?

ಅವತ್ತು ಎದ್ದು ನಿಂತು ಪ್ರಶ್ನೆ ಕೇಳಿದವನು ದೊಡ್ಡಪ್ಪ ಒಬ್ಬನೇ.

“ಚಿತ್ರ ಚೆಂದ ಐತೆ ಸಾಹೇಬ್ರೆ, ಆದ್ರೆ ನಮ್ ಹಿಂದಿನ್ ಬಾಗ್ಲು ಎಲ್ಲಿ ಇದ್ರಾಗೆ?”

“ಇರುತ್ತೆ ಯಜಮಾನ್ರೆ. ಪ್ರತಿ ಬಾಗಿಲಿಗೂ ಗೋಡೆಯಲ್ಲಿ ಜಾಗ ಬಿಡ್ತೀವಿ” ಅಂದಿರಿ ನೀವು.

“ಏನು?”

“ಜಾಗ ಬಿಡ್ತೀವಿ!”

“ಹಾಂ? ಏನ್ ಬಿಡ್ತೀರಿ?”

“ಜಾಗ! ಬಾಗಿಲಿಗೆ! ಬಿಡ್ತೀವಿ!”

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಕೇಳುಗನ ಕಿವಿ ಕೆಟ್ಟದ್ದಕ್ಕೆ ನಿಮ್ಮ ಮಾತನ್ನು ನೀವು ಮೈಕು ಇಲ್ಲದೆಯೇ ಕೂಗಬೇಕಾಯಿತು. ಹಾಗಾಗಿ ಇಡೀ ಬೀದಿ ಆ ಮಾತಿಗೆ ಸಾಕ್ಷಿ. ಈಗ ‘ಹಾಗೆ ಹೇಳೇ ಇಲ್ಲ’ ಅನ್ನಬೇಡಿ.

ಹಿಂದಿನ ಬಾಗಿಲಿಗೆ ಯಾಕಿಷ್ಟು ಗಲಾಟೆ ಅಂತ ಕೇಳುವವರಿಗೆ ಹೇಳುತ್ತೇನೆ. ಮಳೆ ಜೋರಾದಾಗ ಹೊಳೆ ಮೇಲಿನ ತಿರುವಿನಲ್ಲಿ ದಂಡೆ ಮೀರಿ ನಮ್ಮ ಬೀದಿಗೆ ಇಳಿಯುತ್ತದೆ. ಇವತ್ತು ನಿನ್ನೆಯದಲ್ಲ ಇದು. ಅದಕ್ಕೇ ನಮ್ಮ ಮನೆಗಳೆಲ್ಲ ಒಂದೇ ಥರ: ಮುಂದೆ ಒಂದು ಬಾಗಿಲು, ಹಿಂದೆ ಒಂದು ಬಾಗಿಲು, ಎರಡೂ ಒಂದೇ ನೇರಕ್ಕೆ, ನೆಲ ಹಿಂದಕ್ಕೆ ಇಳಿಜಾರು. ನೀರು ಬಂತು ಅಂದರೆ ಮೊದಲು ಹಿಂದಿನ ಬಾಗಿಲು ತೆಗೆಯುವುದು, ಆಮೇಲೆ ಮುಂದಿನದು. ಹೊಳೆ ಮುಂದಿನಿಂದ ಬಂದು ಹಿಂದಿನಿಂದ ಹೊಳೆಗೇ ಹೋಗುತ್ತದೆ. ನಾವು ಅಟ್ಟದ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತೇವೆ. ಬಾಗಿಲು ಹಾಕಿಕೊಂಡರೆ ನೀರಿನ ಒತ್ತಡಕ್ಕೆ ಗೋಡೆ ಮೈಮೇಲೆ ಬೀಳುತ್ತದೆ. ಎಷ್ಟೋ ಸಲ ಬೀದಿಯ ಖಾಲಿ ಡ್ರಮ್ಮುಗಳು ಕೂಡ ಮುಂದಿನ ಬಾಗಿಲಿಂದ ಒಳಗೆ ತೇಲಿ ಬಂದು ಹಿಂದಿನಿಂದ ಹೊರಗೆ ಹೋಗುತ್ತಿದ್ದವು. ದೊಡ್ಡಪ್ಪ ಅಟ್ಟದಿಂದ ಅವಕ್ಕೆ ‘ಬನ್ರಪ್ಪಾ, ಹೋಗ್ ಬನ್ರಪ್ಪಾ’ ಅಂತ ಕೈ ಬೀಸುತ್ತಿದ್ದ.

ನೀವು ನಮ್ಮ ಮನೆಗಳ ಬೆನ್ನಿಗೇ ಅಂಟಿಸಿ ಗೋಡೆ ಕಟ್ಟಿದಿರಿ. ಹೇಳಿದ ಹಾಗೆ ಬಾಗಿಲಿಗೆ ಜಾಗವನ್ನೂ ಬಿಟ್ಟಿರಿ, ಸುಳ್ಳು ಹೇಳುವುದಿಲ್ಲ. ನಾವು ಕಣ್ಣಾರೆ ನೋಡಿದೆವು. ಆಮೇಲೆ ನಿಮ್ಮ ಮೇಸ್ತ್ರಿ ಬಂದು, “ಆ ಕಡೆ ಬಣ್ಣದ್ ಕೆಲ್ಸ ನಡೀತಿದೆ, ಉದ್ಘಾಟನೆ ಆಗೋವರ್ಗೂ ಹಿಂದಿನ್ ಬಾಗ್ಲು ತೆಗೀಬೇಡ್ರಿ, ಬಣ್ಣ ಹಾಳಾಗುತ್ತೆ” ಅಂದ. ನಾವು ಒಳಗಿನಿಂದ ಅಗುಳಿ ಹಾಕಿಕೊಂಡೆವು. ಹೇಳಿದ ಮಾತು ಕೇಳುವ ಜನ ಸ್ವಾಮಿ ನಾವು! ಆ ಅಗುಳಿಯ ಆಚೆ ನೀವು ಏನು ಮಾಡಿದಿರಿ? ಬಿಟ್ಟ ಜಾಗಕ್ಕೆಲ್ಲ ಕಾಂಕ್ರೀಟು ತುಂಬಿದಿರಿ. ಯಾಕೆ? ದೋಣಿಯಿಂದ ಫೋಟೋ ತೆಗೆದರೆ ತೂತು ತೂತಾಗಿ ಕಾಣುತ್ತೆ ಅಂತ. ತುಂಬಿ ಸುಮ್ಮನಾಗಲಿಲ್ಲ, ಅದರ ಮೇಲೆ ಬಣ್ಣದಲ್ಲಿ ಬಾಗಿಲು ಬರೆಸಿದಿರಿ. ಹಸಿರು ಬಾಗಿಲು, ನೀಲಿ ಬಾಗಿಲು, ಅರ್ಧ ತೆರೆದ ಬಾಗಿಲು, ಹೊಸ್ತಿಲ ಮೇಲೆ ಮಲಗಿದ ಬೆಕ್ಕು. ನಮ್ಮ ನಿಜವಾದ ಬಾಗಿಲು ಇದ್ದ ಕಡೆಯೇ ಒಂದೊಂದು ಸುಳ್ಳು ಬಾಗಿಲು. ನಮ್ಮ ಮನೆಯ ಪಾಲಿನ ಬೆಕ್ಕು ಮಾತ್ರ ತುಂಬಾ ಚೆನ್ನಾಗಿ ಬಂದಿದೆ. ಕಲಾವಿದರಿಗೆ ಶಾಲು ಹೊದಿಸಿದಿರಂತೆ.

ನೀರು ಬಂದದ್ದು ಹಾಡಹಗಲು, ಊಟ ಆದ ಮೇಲೆ. ದೊಡ್ಡಪ್ಪ ಹಿಂದಿನ ಕೋಣೆಯಲ್ಲಿ ಮಲಗಿದ್ದ. ಡ್ರಮ್ಮು ಬಿದ್ದು ಕಾಲು ಮುರಿದು ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದರು. ನೋವಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲದವನಿಗೆ ಆಗ ತಾನೆ ಕಣ್ಣು ಹತ್ತಿತ್ತು. ಅವನ ಮಂಚ ಹಿಂದಿನ ಬಾಗಿಲಿಗೆ ಅಂಟಿಕೊಂಡೇ ಇತ್ತು. ಬಾಗಿಲು ತೆಗೆಯಬೇಕಾದರೆ ಅವನನ್ನು ಎಬ್ಬಿಸಿ ಮಂಚ ಸರಿಸಬೇಕು. ದೊಡ್ಡಮ್ಮ ಏನು ಮಾಡಿದಳು? ಇನ್ನೊಂದು ಗಳಿಗೆ ಮಲಗಲಿ ಪಾಪ ಅಂತ ಮೊದಲು ಮುಂದಿನ ಬಾಗಿಲು ತೆಗೆದಳು. ಅಷ್ಟೇ. ಅವಳು ಮಾಡಿದ ತಪ್ಪು ಅಷ್ಟೇ. ಗಂಡನಿಗೆ ಒಂದು ಗಳಿಗೆ ನಿದ್ದೆ ಕೊಟ್ಟಳು.

ಆಮೇಲೆ ಒಳಗೆ ಹೋಗಿ ಅವನನ್ನು ಎಬ್ಬಿಸಿ, ಮಂಚ ಎಳೆದು, ಅಗುಳಿ ತೆಗೆದಳು. ಬಾಗಿಲಾಚೆ ಬೂದು ಗೋಡೆ.

ನಾನು ಎದುರಿನ ಶೆಡ್ಡಿನಲ್ಲಿದ್ದೆ. ಅವಳ ಕೂಗು ಕೇಳಿ ಸುತ್ತಿಗೆ ಹಿಡಿದೇ ನೀರಿಗೆ ಬಿದ್ದೆ. ನಮ್ಮದೇ ಡ್ರಮ್ಮುಗಳು ಗುಂಪು ಗುಂಪಾಗಿ ನನಗಿಂತ ಮುಂಚೆ ಒಳಗೆ ನುಗ್ಗಿದ್ದವು. ಹೋಗಲು ದಾರಿ ಇಲ್ಲದೆ ಒಂದು ಡ್ರಮ್ಮು ಹಿಂದಿನ ಕೋಣೆಯ ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಹುಟ್ಟಿದಾಗಿನಿಂದ ಡ್ರಮ್ಮಿನ ನೆಗ್ಗು ತೆಗೆದವನು ನಾನು. ಅವತ್ತು ಒಂದು ಡ್ರಮ್ಮನ್ನು ಜಜ್ಜಿ ಹಾಕಲು ಹೊಡೆದೆ. ನೀರೊಳಗೆ ಸುತ್ತಿಗೆ ಬೀಸಿ ನೋಡಿದ್ದೀರಾ? ಏಟು ಬೀಳುವುದೇ ಇಲ್ಲ, ಸವರಿದ ಹಾಗಾಗುತ್ತದೆ. ಹೇಗೋ ಅದನ್ನು ಮುದುರಿ ಒಳಗೆ ನುಸುಳಿದೆ. ದೊಡ್ಡಪ್ಪ ಮಂಚದ ಮೇಲೆ ಒಂಟಿ ಕಾಲಲ್ಲಿ ನಿಂತು ಗೋಡೆಯನ್ನು ಗುದ್ದುತ್ತಿದ್ದ. ದೊಡ್ಡಮ್ಮ ಅವನ ಸೊಂಟ ಅಪ್ಪಿಕೊಂಡು ಗದ್ದದವರೆಗೆ ನೀರಿನಲ್ಲಿದ್ದಳು.

“ಮೊದ್ಲು ಇವಳ್ನ ಎತ್ಕೊಂಡ್ ಹೋಗೋ!”

“ನೀನೂ ಬಾ ದೊಡ್ಡಪ್ಪಾ! ಹೆಗಲು ಹಿಡ್ಕೊ!”

“ಏನು?”

“ಹೆಗಲು! ಹಿಡ್ಕೊ!”

“ಕೇಳ್ಸಲ್ಲ ಕಣೋ! ಹೋಗು!”

ಅವನಿಗೆ ಕೇಳಿಸಿತ್ತು ಅಂತ ಈಗಲೂ ನನಗೆ ಅನುಮಾನ. ದೊಡ್ಡಮ್ಮ ಅವನನ್ನು ಬಿಡಲಿಲ್ಲ. ಅವಳ ಜುಟ್ಟು ಹಿಡಿದು ಎಳೆದೆ. ಅವಳು ನನ್ನ ಮುಂಗೈ ಕಚ್ಚಿದಳು. ಗಾಯ ಇನ್ನೂ ಇದೆ, ಬೇಕಾದರೆ ತೋರಿಸುತ್ತೇನೆ. ಅವಳನ್ನು ಮುಂದಿನ ಕೋಣೆಯ ಅಟ್ಟಕ್ಕೆ ಎಸೆದು ತಿರುಗಿದರೆ ಆ ಬಾಗಿಲಲ್ಲಿ ಮತ್ತೆ ಡ್ರಮ್ಮುಗಳು. ಹೊಡೆದೆ. ಹೊಡೆದೆ. ಒಳಗಿನಿಂದಲೂ ಗುದ್ದುವ ಸದ್ದು ಬರುತ್ತಿತ್ತು. ಆಮೇಲೆ ನನ್ನ ಸದ್ದು ಮಾತ್ರ ಉಳಿಯಿತು.

ನೀರಿಳಿದ ಮೇಲೆ ನೋಡಿದರೆ ಅವನ ಬೆರಳ ಉಗುರುಗಳು ಕಿತ್ತು ಹೋಗಿದ್ದವು. ನಿಮ್ಮ ಗೋಡೆಯ ಒಳಮಗ್ಗುಲಲ್ಲಿ ಗೀರುಗಳಿವೆ. ಆ ಕಡೆಗೆ ಬೆಕ್ಕು, ಈ ಕಡೆಗೆ ಗೀರು. ದೋಣಿಯವರಿಗೆ ಟಿಕೆಟ್ ಹೆಚ್ಚು ಮಾಡಿ ಎರಡೂ ತೋರಿಸಿ.

‘ಮುಂದಿನ ಬಾಗಿಲು ತೆಗೆಯದಿದ್ದರೆ ಬದುಕುತ್ತಿದ್ದರಲ್ಲ’ ಅನ್ನುವ ಬುದ್ಧಿವಂತರಿಗೆ ನಮ್ಮ ಪಕ್ಕದ ಮನೆ ತೋರಿಸುತ್ತೇನೆ. ಡ್ರಮ್ಮಿಗೆ ಬಣ್ಣ ಹೊಡೆಯುವವನ ಮನೆ ಅದು. ಅವನು ಹಿಂದಿನ ಬಾಗಿಲು ಮೊದಲು ತೆಗೆದ, ಗೋಡೆ ಕಂಡ, ಹೆದರಿ ಮುಂದಿನದನ್ನು ತೆಗೆಯಲೇ ಇಲ್ಲ. ಮುಂದಿನ ಗೋಡೆ ಪೂರ್ತಿಯಾಗಿ ಅವನ ಎದೆಯ ಮೇಲೆ ಕುಸಿಯಿತು. ಪಕ್ಕೆಲುಬು ಮುರಿದು ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ, ಉಸಿರು ಎಳೆದರೆ ಸೀಟಿ ಹೊಡೆದ ಹಾಗೆ ಕೇಳುತ್ತದೆ. ತೆಗೆದರೂ ಸಾವು, ತೆಗೆಯದಿದ್ದರೂ ಸಾವು. ಇದರಲ್ಲಿ ನಮ್ಮ ಮುದುಕಿ ಯಾವುದನ್ನು ಆರಿಸಿಕೊಳ್ಳಬೇಕಿತ್ತು? ಹೇಳಿ, ನೀವು ಓದಿದವರು.

ನಿಮ್ಮ ಮಾತು ಅವಳಿಗೆ ಏನು ಮಾಡಿದೆ ಗೊತ್ತಾ? ಅವತ್ತಿನಿಂದ ಅವಳು ಯಾವ ಬಾಗಿಲನ್ನೂ ಮುಟ್ಟುತ್ತಿಲ್ಲ. ಅಗುಳಿ, ಚಿಲಕ, ಹಿಡಿ ಯಾವುದನ್ನೂ ಮುಟ್ಟುವುದಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಬಾಗಿಲ ಮುಂದೆ ಕೈ ಕಟ್ಟಿ ನಿಂತಿರುತ್ತಾಳೆ, ಯಾರಾದರೂ ಬಂದು ತೆಗೆಯಲಿ ಅಂತ. ಒಂದು ದಿನ ಬಿಸಿಲಲ್ಲಿ ಮನೆಯ ಹೊರಗೆ ನಿಂತೇ ಇದ್ದಳು. “ಯಾಕ್ ದೊಡ್ಡಮ್ಮ, ತಳ್ಳಿದ್ರೆ ತೆಗೀತಿತ್ತಲ್ಲ?” ಅಂದೆ. “ನನ್ ಕೈ ಒಳ್ಳೇದಲ್ಲ ಕಣೋ” ಅಂದಳು. ಅಷ್ಟೇ. ಇಡೀ ಬೀದಿಯನ್ನು ತನ್ನ ಗಂಟಲಲ್ಲಿ ಆಳಿದವಳು, ನನಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಅದನ್ನು ಕೇಳಿಯೇ ನಾನು ಸುತ್ತಿಗೆ ತಗೊಂಡು ಹೋಗಿ ನಿಮ್ಮ ಗೋಡೆಗೆ ಹೊಡೆದದ್ದು. ಕುಡಿದಿರಲಿಲ್ಲ, ಯಾರೂ ಕಳಿಸಿರಲಿಲ್ಲ. ಬೆಕ್ಕಿನ ಮುಖಕ್ಕೇ ಮೊದಲ ಏಟು ಕೊಟ್ಟೆ, ಖುಷಿಯಾಯಿತು. ತಲೆ ತೂರುವಷ್ಟು ತೂತು ಆಗುವ ಹೊತ್ತಿಗೆ ನಿಮ್ಮ ಕಾವಲಿನವರು ಬಂದು ನನ್ನನ್ನು ಕಲ್ಲುಹಾಸಿನ ಮೇಲೆ ಕೆಡವಿ ತುಳಿದರು. ಒಬ್ಬ ನನ್ನ ಕೈಬೆರಳ ಮೇಲೆ ನಿಂತು ಬೂಟು ತಿರುಗಿಸಿದ. ಎರಡು ಬೆರಳು ಮಡಚಲು ಬರುವುದಿಲ್ಲ ಈಗ, ಈ ಕೆಟ್ಟ ಅಕ್ಷರಕ್ಕೆ ಅದೇ ಕಾರಣ. ನಾನೂ ಸುಮ್ಮನಿರಲಿಲ್ಲ, ಅವನ ಹಲ್ಲು ಉದುರಿಸಿದೆ. ಮಾರನೇ ದಿನವೇ ಆ ತೂತನ್ನು ಮುಚ್ಚಿ ಬೆಕ್ಕಿಗೆ ಹೊಸ ಮುಖ ಬರೆಸಿದ್ದೀರಿ. ನಿಮ್ಮ ಕಚೇರಿ ಇಷ್ಟು ಬೇಗ ಕೆಲಸ ಮಾಡಿದ್ದನ್ನು ನಾನು ಇದೇ ಮೊದಲು ನೋಡಿದ್ದು.

ಈ ಪತ್ರವನ್ನು ನಿಮ್ಮದೇ ಕಚೇರಿಯ ಕಾಯುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ದೊಡ್ಡಮ್ಮ ಇದ್ದಾಳೆ. ಬೆಳಗ್ಗೆಯಿಂದ ನಿಮ್ಮ ಜವಾನ ಒಂದೇ ಮಾತು ಹೇಳುತ್ತಿದ್ದಾನೆ: “ಸಾಹೇಬ್ರು ಮೀಟಿಂಗಲ್ಲಿದ್ದಾರೆ.” ಒಳಗಿನಿಂದ ನಿಮ್ಮ ನಗು ಕೇಳಿಸುತ್ತಿದೆ. ಒಳ್ಳೇ ಮೀಟಿಂಗು. ಜವಾನ ಆಗಾಗ ಬಂದು ದೊಡ್ಡಮ್ಮನಿಗೆ “ಅಜ್ಜಿ, ಚಾ ಕುಡೀರಿ” ಅನ್ನುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ನನಗೆ ಬೇಕಾದದ್ದು ಇದು. ಮುಂದಿನ ಮಳೆಗೆ ಮುಂಚೆ ಪ್ರತಿ ಮನೆಯ ಹಿಂದೆ ನೀವು ಕೂಗಿ ಹೇಳಿದ ಆ ಜಾಗ ತೆರೆಯಬೇಕು. ನೀವು ಒಡೆಯದಿದ್ದರೆ ನಾವು ಒಡೆಯುತ್ತೇವೆ, ಈ ಸಲ ನಾನೊಬ್ಬನೇ ಇರುವುದಿಲ್ಲ, ಬೀದಿಯಲ್ಲಿ ಸುತ್ತಿಗೆಗೆ ಬರ ಇಲ್ಲ. ಅದಕ್ಕಿಂತ ಮೊದಲು ನೀವು ನಮ್ಮ ಅಡುಗೆಮನೆಗೆ ಬರಬೇಕು. ಪರಿಹಾರದ ಚೆಕ್ಕು ತರಬೇಡಿ, ಫೋಟೋದವರನ್ನು ತರಬೇಡಿ. ಆ ದಿನ ನಿಂತ ಕಡೆಯೇ ನಿಂತು ದೊಡ್ಡಮ್ಮನಿಗೆ ಹೇಳಬೇಕು: ‘ಬಾಗಿಲು ತೆಗೆದದ್ದು ತಪ್ಪಲ್ಲ ಕಣಮ್ಮ, ಮುಚ್ಚಿದ್ದು ತಪ್ಪು, ಮುಚ್ಚಿದವನು ನಾನು.’ ಮೆಲ್ಲಗೆ ಹೇಳಿದರೆ ನಡೆಯುವುದಿಲ್ಲ. ದೊಡ್ಡಪ್ಪನಿಗೆ ಹೇಳಿದ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕು.

ಸಾಕು, ಹೊರಟೆವು. ನಿಮ್ಮ ಕಚೇರಿಯ ಹೊರಬಾಗಿಲನ್ನು ಬೆಳಗ್ಗೆಯಿಂದ ನೋಡುತ್ತಿದ್ದೇನೆ. ಮೇಲುಗಡೆ ಕಬ್ಬಿಣದ ಒಂದು ತೋಳು ಕೂರಿಸಿದ್ದೀರಿ. ಎಷ್ಟೇ ಸಿಟ್ಟಿನಿಂದ ಎಳೆದರೂ ಬಾಗಿಲು ಮೆಲ್ಲಗೆ, ಮರ್ಯಾದೆಯಿಂದ ಮುಚ್ಚಿಕೊಳ್ಳುತ್ತದೆ. ಒಳಗೆ ಕೂತವರಿಗೆ ಯಾರು ಹೇಗೆ ಹೋದರು ಅಂತ ಗೊತ್ತೇ ಆಗುವುದಿಲ್ಲ. ಜವಾನ ಚಾ ತರಲು ಹೋದಾಗ ಆ ತೋಳಿನ ಸ್ಕ್ರೂಗಳನ್ನು ಬಿಚ್ಚಿದ್ದೇನೆ. ಈ ಪತ್ರದ ಒಂದು ಪ್ರತಿಯ ಜೊತೆ ಆ ತೋಳನ್ನೂ ಜವಾನ ನಿಮ್ಮ ಮೇಜಿಗೆ ತಂದಿಡುತ್ತಾನೆ.

ದೊಡ್ಡಮ್ಮ ಆಗಲೇ ಎದ್ದು ಬಾಗಿಲ ಮುಂದೆ ಕೈ ಕಟ್ಟಿ ನಿಂತಿದ್ದಾಳೆ, ನಾನು ಬಂದು ತೆಗೆಯಲಿ ಅಂತ. ತೆಗೆಯುತ್ತೇನೆ. ಅವಳನ್ನು ಮೊದಲು ಆಚೆ ಕಳಿಸುತ್ತೇನೆ. ಆಮೇಲೆ ನನ್ನ ಕೈಯಲ್ಲಿ ಉಳಿದಿರುವ ಎಲ್ಲ ಬೆರಳಿನಿಂದ ಎಳೆಯುತ್ತೇನೆ. ಒಂದು ಸದ್ದು ಬರುತ್ತದೆ. ಬೆಚ್ಚಬೇಡಿ, ಗೋಡೆ ಬಿದ್ದದ್ದಲ್ಲ. ಅದು ಆಮೇಲೆ.

ಇಂತಿ,
ಇಷ್ಟು ಹೊತ್ತು ಕೂತರೂ ಒಳಗೆ ಕರೆಯಿಸಿಕೊಳ್ಳದ,
ಬಾಗಿಲು ತೆಗೆದವಳ ಮಗನಂಥವನು